ಐದು ದಿನದ ನಾಡಿ

ಬನಹಟ್ಟಿಯ ನೇಕಾರರ ಓಣಿಗಳಲ್ಲಿ ವತ್ಸಲಾಬಾಯಿಯನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಆಕೆ ನಾಡಿ ಬಾಯಾರು. ಹೊಟ್ಟೆನೋವೆಂದು ಹೋದರೂ ಮೊದಲು ಮಣಿಕಟ್ಟು ಹಿಡಿಯುವಳು, ಕೆಮ್ಮೆಂದು ಹೋದರೂ ಮಣಿಕಟ್ಟು ಹಿಡಿಯುವಳು. ಸಂತೆಯಲ್ಲಿ ಕ್ಷೇಮಸಮಾಚಾರ ಕೇಳಲು ನಿಂತವರ ಕೈಯನ್ನೂ ಬಿಡುತ್ತಿರಲಿಲ್ಲ. ಎದೆಗೆ ಸಿಕ್ಕಿಸಿದ ಗಡಿಯಾರ ನೋಡುತ್ತ ಒಂದು ನಿಮಿಷ ಪೂರ್ತಿ ಎಣಿಸಬೇಕು, ಆಮೇಲೆ ಮಾತು. ಎಂಥ ಮಮತೆ, ಎಂಥ ಅಂತಃಕರಣ ಎಂದು ಜನ ಬಾಯಿ ತುಂಬ ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ಆಕೆಯ ಮುಖ ಸಣ್ಣದಾಗುತ್ತಿತ್ತು. ಬಾಯಾರಿಗೆ ವಿನಯ ಬಹಳ ಎಂದು ಅದಕ್ಕೂ ಹೊಗಳುತ್ತಿದ್ದರು. ವಿನಯವೂ ಅಲ್ಲ, ಏನೂ ಅಲ್ಲ. ಅದು ಬರಿಯ ನಾಚಿಕೆ.

ಆ ನಾಚಿಕೆ ಹುಟ್ಟಿದ್ದು, ಜಮಖಂಡಿ ಸಂಸ್ಥಾನ ಮುಂಬೈ ರಾಜ್ಯದಲ್ಲಿ ಸೇರಿ ಐದಾರು ವರ್ಷ ಆಗಿದ್ದ ಕಾಲಕ್ಕೆ. ವತ್ಸಲಾಬಾಯಿ ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮನೆಯಲ್ಲಿ ಕೂತು ಬತ್ತಿ ಹೊಸೆಯುವುದು ಬೇಡವೆಂದು ಹಟ ಹಿಡಿದು, ಮೂರು ದಿನ ಅನ್ನ ಬಿಟ್ಟು, ಅಣ್ಣ ಕೃಷ್ಣಾಜಿಯನ್ನು ಒಪ್ಪಿಸಿ ಮಿರಜಕ್ಕೆ ಹೋಗಿ ನರ್ಸಿನ ಕೆಲಸ ಕಲಿತು ಬಂದಳು. ಅಣ್ಣ ಬನಹಟ್ಟಿಯಲ್ಲಿ ಸಾಲಿ ಮಾಸ್ತರ. ಅದೇ ಊರಲ್ಲಿ ನೂಲಿನ ವ್ಯಾಪಾರಿಯೊಬ್ಬರು ಎಂಟು ಮಂಚದ ಧರ್ಮಾರ್ಥ ದವಾಖಾನೆ ಕಟ್ಟಿಸಿದ್ದರು. ಅಲ್ಲಿ ಕೆಲಸ ಸಿಕ್ಕಿತು. ಅತ್ತಿಗೆಯದು ಒಂದೇ ಕರಾರು: ಹಿತ್ತಿಲ ಬಾಗಿಲಿಂದ ಬರಬೇಕು, ಸ್ನಾನ ಮಾಡಿ ಒಳಗೆ ಕಾಲಿಡಬೇಕು. ಚಳಿಯಿರಲಿ ಮಳೆಯಿರಲಿ, ಹದಿನೈದು ವರ್ಷ ಆಕೆ ಅದನ್ನು ನಡೆಸಿದ್ದಳು.

ದವಾಖಾನೆಯಲ್ಲಿ ಮಾತ್ರ ಆಕೆಗೆ ಯಾವ ಮೈಲಿಗೆಯೂ ಇರಲಿಲ್ಲ. ಎದೆಯಲ್ಲಿ ಹತ್ತಿಯ ಎಳೆ ಕೂತು ಕೆಮ್ಮುವ ನೇಕಾರರ ಬೆನ್ನು ತಿಕ್ಕುವಳು, ಅವರ ಕಫದ ಬಟ್ಟಲು ತೊಳೆಯುವಳು. ಹೊಟ್ಟೆಯ ಹುಣ್ಣಿನವರಿಗೆ ತಾಸಿಗೊಮ್ಮೆ ಹಾಲು ಕುಡಿಸುವಳು, ಕದ್ದು ಮೆಣಸಿನಕಾಯಿ ಚಟ್ನಿ ತಿಂದವರನ್ನು ಹೆಸರು ಹಿಡಿದು ಬೈಯುವಳು. ಕೆಲಸದಲ್ಲಿ ಆಕೆಯದು ಎತ್ತಿದ ಕೈ, ಮತ್ತು ಅದು ಆಕೆಗೆ ಚೆನ್ನಾಗಿ ಗೊತ್ತಿತ್ತು. ತೊಂದರೆ ಬಂದದ್ದು ಅಲ್ಲಿಂದಲೇ.

ಆ ವರ್ಷ ದೀಪಾವಳಿಗೆ ಮುಂಚೆ ಚಿಮ್ಮಡದಿಂದ ಗಿರಮಲ್ಲಪ್ಪ ಎಂಬ ಕುರಿಗಾರನನ್ನು ಚಕ್ಕಡಿಯಲ್ಲಿ ಹಾಕಿ ತಂದರು. ಐವತ್ತು ದಾಟಿದ ಆಳು. ಕಾಲು ಕಂಬದಂತೆ ಬಾತಿದ್ದವು, ಮಲಗಿದರೆ ಉಸಿರು ಸಿಗದು, ಕೂತೇ ನಿದ್ದೆ. ಹೃದಯ ಸೋತಿದೆ ಎಂದರು ಡಾಕ್ಟರ ಪ್ರಹ್ಲಾದರಾಯರು. ಉಪ್ಪು ಬಿಡಿಸಿದರು, ಡಿಜಿಟಾಲಿಸ್ ಎಂಬ ಹನಿ ಔಷಧ ಶುರು ಮಾಡಿದರು. ಆ ಔಷಧ ಹೃದಯದ ಓಟವನ್ನು ಹದಕ್ಕೆ ತರುತ್ತದೆ. ಹೆಚ್ಚಾದರೆ ಹೃದಯವನ್ನೇ ನಿಲ್ಲಿಸಿಬಿಡುತ್ತದೆ.

"ಬಾಯಿ, ಪ್ರತಿ ಸಲ ಹನಿ ಕೊಡೂ ಮುಂಚೆ ನಾಡಿ ಎಣಸ್ರಿ. ಅರವತ್ತಕಿಂತ ಕೆಳಗ ಇಳೀತಂದ್ರ ಔಷಧ ಬಂದ್. ಆಮ್ಯಾಲ ಒಂದ ಹನಿನೂ ಬ್ಯಾಡ," ಎಂದಿದ್ದರು ಡಾಕ್ಟರರು.

ವತ್ಸಲಾಬಾಯಿ ಮುಂಜಾನೆ, ಸಂಜೆ ಎಣಿಸಿದಳು. ನೂರಿಪ್ಪತ್ತು ಇದ್ದದ್ದು ನೂರಕ್ಕೆ ಬಂತು, ತೊಂಬತ್ತಕ್ಕೆ ಬಂತು. ಬಾವು ಇಳಿಯಿತು, ಮನುಷ್ಯ ಮಲಗಿ ನಿದ್ದೆ ಮಾಡಿದ. ಗಿರಮಲ್ಲಪ್ಪನಿಗೆ ಈ ಎಣಿಕೆಯೇ ಒಂದು ಆಟವಾಯಿತು. ಆಕೆ ಬಾಗಿಲಲ್ಲಿ ಕಂಡರೆ ಸಾಕು, ಕಂಬಳಿಯಿಂದ ಕೈ ಹೊರಗೆ ಚಾಚುವನು.

"ಎಟ್ಟ ಬಂದುವ್ರಿ ಬಾಯಾರ?"

"ಎಂಬತ್ತೆರಡು."

"ನಿನ್ನಿಗಿಂತ ನಾಕ ಕುರಿ ಕಮ್ಮಿ ಆದುವಲ್ರಿ!" ಎಂದು ನಗುವನು. ಕೆಳಗೆ ನೆಲದ ಮೇಲೆ ಕೂತ ಅವನ ಹೆಂಡತಿ ಹೊಳೆವ್ವ ಸೆರಗು ಬಾಯಿಗೆ ಹಿಡಿದು ತಾನೂ ನಗುವಳು. ಹಣೆ ತುಂಬ ಬೀರೇಶ್ವರನ ಭಂಡಾರ ಹಚ್ಚಿಕೊಂಡ ಹೆಂಗಸು. ದೇವರ ಮೇಲೆ ತೂರುವ ಆ ಅರಿಸಿನದ ಪುಡಿಯ ಗಂಟು ಸದಾ ಅವಳ ಸೊಂಟದಲ್ಲಿ.

ಅಷ್ಟರಲ್ಲಿ ಕಾರ್ತಿಕ ಏಕಾದಶಿ ಬಂತು. ಪ್ರಹ್ಲಾದರಾಯರು ತಾಯಿಯನ್ನು ಕರೆದುಕೊಂಡು ಪಂಢರಪುರಕ್ಕೆ ಹೋದರು, ಹುಣ್ಣಿಮೆಗೆ ಬರುವವರು. ಅದೇ ಏಕಾದಶಿಯಿಂದ ಹುಣ್ಣಿಮೆಯವರೆಗಿನ ಐದು ದಿನ ಭೀಷ್ಮಪಂಚಕ. ವತ್ಸಲಾಬಾಯಿಯ ತಾಯಿ ಹಿಡಿದ ವ್ರತ. ತಾಯಿ ತೀರಿದ ಮೇಲೆ ಮಗಳು ನಡೆಸಿಕೊಂಡು ಬಂದಿದ್ದಳು. ಐದು ದಿನ ಒಪ್ಪೊತ್ತಿನ ಊಟ, ಮುಂಜಾನೆಯಿಂದ ಸಂಜೆಯ ದೀಪದವರೆಗೆ ಮಡಿ. ಹಿಂದಿನ ವರ್ಷಗಳಲ್ಲಿ ರಜೆ ಹಾಕುತ್ತಿದ್ದಳು. ಈ ಸಲ ಡಾಕ್ಟರರೇ ಇಲ್ಲ, ಈಕೆಯೂ ಇಲ್ಲವೆಂದರೆ ದವಾಖಾನೆಗೆ ಯಾರು?

"ವ್ರತಾ ಬಿಡು, ಇಲ್ಲಾ ಚಾಕರಿ ಬಿಡು. ಎರಡೂ ಹೆಂಗ ಆಗ್ತದ?" ಎಂದಳು ಅತ್ತಿಗೆ.

ಎರಡೂ ಆಗುತ್ತದೆ ಎಂದು ತೋರಿಸುವ ಹಟ ಹುಟ್ಟಿತು. ಮಡಿಯಲ್ಲೇ ಹೋಗುವುದು, ಔಷಧ ಮೇಲಿಂದ ಬಟ್ಟಲಿಗೆ ಸುರಿಯುವುದು, ಯಾರನ್ನೂ ಮುಟ್ಟದೆ ಬರುವುದು. ಎತ್ತುವುದು, ಒರೆಸುವುದು ಇದ್ದರೆ ಆಯಾ ಶಂಕ್ರೆವ್ವ ಇದ್ದಾಳೆ. ಎಂಟು ರೋಗಿಗಳ ನಡುವೆ ಓಡಾಡಿ ಬಂದವಳ ಮಡಿ ಹೇಗೆ ಉಳಿಯಿತು ಎಂದು ಕೇಳಬೇಡಿ. ಮಡಿಯ ಕಾಯದೆ ಮಡಿಗೆ. ಮುಟ್ಟಿದರೆ ಹೋಯಿತು, ಮುಟ್ಟದಿದ್ದರೆ ಉಳಿಯಿತು. ಒಂದೇ ಒಂದು ಕೆಲಸ ಉಳಿಯಿತು. ನಾಡಿ ಎಣಿಸಲು ಶಂಕ್ರೆವ್ವನಿಗೆ ಬಾರದು, ಗಡಿಯಾರದ ಮುಳ್ಳೇ ಅವಳಿಗೆ ಗೊತ್ತಿಲ್ಲ.

ಏಕಾದಶಿಯ ಮುಂಜಾನೆ ಗಿರಮಲ್ಲಪ್ಪ ಎಂದಿನಂತೆ ಕೈ ಚಾಚಿದ. ವತ್ಸಲಾಬಾಯಿ ಎರಡು ಹೆಜ್ಜೆ ಹಿಂದೆ ಸರಿದಳು.

"ಇವತ್ತ ಮಡಿ ಅದ, ಗಿರಮಲ್ಲಪ್ಪ."

ಹೊಳೆವ್ವ ಗಾಬರಿಯಾಗಿ ಎದ್ದು ಗಂಡನ ಕೈ ಹಿಡಿದು ಕಂಬಳಿಯೊಳಗೆ ತುರುಕಿದಳು. "ಒಳಗ ಇಟ್ಕೋರಿ ಕೈ. ಬಾಯಾರ್ನ ಮುಟ್ಟಿಗಿಟ್ಟೀರಿ!"

ವತ್ಸಲಾಬಾಯಿ ದೂರದಿಂದ ನೋಡಿದಳು. ಉಸಿರು ಸರಾಗ, ಕಾಲಿನ ಬಾವು ಪೂರಾ ಇಳಿದಿದೆ. ಹದಿನೈದು ವರ್ಷದ ಕಣ್ಣು, ಸುಳ್ಳಾಗುತ್ತದೆಯೇ? ಚಾರ್ಟಿನಲ್ಲಿ ಎಪ್ಪತ್ತೆರಡು ಎಂದು ಬರೆದು ಹನಿ ಸುರಿದಳು.

"ಮುಟ್ಟಲಾರದ ಎಣಸ್ತೀರೇನ್ರಿ?" ಗಿರಮಲ್ಲಪ್ಪನಿಗೆ ಅಚ್ಚರಿ.

"ನೋಡಿದ್ರ ಗೊತ್ತಾಗ್ತದ."

"ಖರೆ ಐತಿ. ನನಗೂ ಹಂಗರಿ. ಹಿಂಡ ನೋಡಿದ್ರ ಸಾಕು, ಎಟ್ಟ ಅದಾವಂತ ತಿಳೀತೈತಿ," ಎಂದು ಅವನು ಒಪ್ಪಿಕೊಂಡ. ತನ್ನಂಥ ಇನ್ನೊಬ್ಬರು ಸಿಕ್ಕರೆಂಬ ಸಂತೋಷ ಅವನಿಗೆ.

ಸಂಜೆ ಎಪ್ಪತ್ನಾಲ್ಕು. ಮರುದಿನ ಎಪ್ಪತ್ತು, ಎಪ್ಪತ್ತೆರಡು. ಒಂದೇ ಸಂಖ್ಯೆ ಬರೆದರೆ ಚೆನ್ನಾಗಿ ಕಾಣದು ಎಂದು ಮೇಲೆ ಕೆಳಗೆ ಮಾಡಿ ಬರೆಯುವಷ್ಟು ಬುದ್ಧಿ ಓಡಿತು. ಆ ಬುದ್ಧಿಯನ್ನು ನೆನೆದಾಗಲೇ ಮುಂದೆ ಆಕೆಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆಯಾಗುತ್ತಿದ್ದದ್ದು.

ಮೂರನೆಯ ದಿನ ಗಿರಮಲ್ಲಪ್ಪನಿಗೆ ಊಟ ಸೇರಲಿಲ್ಲ, ವಾಂತಿಯಾಯಿತು. "ಏನ ತಿನಿಸೀ ಹೊಳೆವ್ವ? ಖಾರಾ ಬ್ಯಾಡ ಅಂದಿಲ್ಲಾ?" ಎಂದು ವತ್ಸಲಾಬಾಯಿ ಗದರಿದಳು. "ಯವ್ವಾ, ಗಂಜಿ ಬಿಟ್ಟ ಏನೂ ಕೊಟ್ಟಿಲ್ರಿ," ಎಂದರೂ ನಂಬಲಿಲ್ಲ.

ನಾಲ್ಕನೆಯ ದಿನ ಒಳಗೆ ಬಂದರೆ ವಾರ್ಡಿಗೆ ವಾರ್ಡೇ ಎದ್ದು ಕೂತಿತ್ತು. ಗಿರಮಲ್ಲಪ್ಪನ ಕಣ್ಣಿಗೆ ಸುಣ್ಣದ ಗೋಡೆ ಹಳದಿ ಕಾಣುತ್ತಿದೆ. ಚಾದರ ಹಳದಿ, ಹಾಲು ಹಳದಿ, ಹೆಂಡತಿಯ ಮುಖ ಹಳದಿ. ಹೊಳೆವ್ವನ ಕಣ್ಣಲ್ಲಿ ನೀರು.

"ಬೀರಪ್ಪ ಬಂದಾನ್ರಿ ಬಾಯಾರ! ಮಂಚದ ಸುತ್ತ ಭಂಡಾರ ತೂರಾಕತ್ತಾನ. ಇವರ ಜೀವಕ್ಕ ಇನ್ನ ಭಯ ಇಲ್ರಿ."

ಕೆಮ್ಮಿನ ನೇಕಾರರು ಕೂಡ ಮಂಚದಿಂದಲೇ ಕೈ ಮುಗಿದರು. ಹೊಳೆವ್ವ ಗಂಟು ಬಿಚ್ಚಿ ಚಿಟಿಕೆ ಭಂಡಾರ ಗಂಡನ ನಾಲಿಗೆಗೆ ಇಟ್ಟಳು. ವತ್ಸಲಾಬಾಯಿ ನಗು ತಡೆದುಕೊಂಡು ಹನಿ ಸುರಿದು ಮನೆಗೆ ಬಂದಳು. ಅತ್ತಿಗೆಗೆ ಅದನ್ನು ಅಭಿನಯ ಮಾಡಿ ತೋರಿಸಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪೆಟ್ಟಿಗೆಯ ತಳದಲ್ಲಿ ಮಿರಜದ ನೋಟಬುಕ್ಕು ಇತ್ತು. ಡಿಜಿಟಾಲಿಸ್ ಮೈಗೆ ಹೆಚ್ಚಾದ ಲಕ್ಷಣಗಳು ಆಕೆಯ ಕೈಯಿಂದಲೇ ಅದರಲ್ಲಿ ಬರೆದಿದ್ದವು: ಅನ್ನದ ಮೇಲೆ ಹೇವರಿಕೆ, ವಾಂತಿ, ಕಂಡದ್ದೆಲ್ಲ ಹಳದಿ. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಅಂಕ ಬಂದಿದ್ದವು. ಕುರಿಗಾರನ ಬಾಯಲ್ಲಿ, ಅವನ ದೇವರ ಹೆಸರಲ್ಲಿ ಬಂತೆಂದು ಅದು ಆಕೆಯ ಕಿವಿಗೆ ಲಕ್ಷಣವಾಗಿ ಕೇಳಿಸಲೇ ಇಲ್ಲ.

ಹುಣ್ಣಿಮೆಯ ಸಂಜೆ ಆಕೆ ಹನಿಯ ಬಟ್ಟಲು ಹಿಡಿದು ನಿಂತಿರುವಾಗ ಡಾಕ್ಟರರು ಬಸ್ಸಿನಿಂದ ಇಳಿದವರು ನೇರ ವಾರ್ಡಿಗೆ ಬಂದರು. ಗಿರಮಲ್ಲಪ್ಪ ಬಾಡಿದ ಸೊಪ್ಪಿನಂತೆ ಬಿದ್ದಿದ್ದ. ಮಣಿಕಟ್ಟು ಹಿಡಿದರು. ಮತ್ತೊಮ್ಮೆ ಎಣಿಸಿದರು.

"ನಲವತ್ತೆರಡು! ಚಾರ್ಟ್ ಕೊಡ್ರಿ ಇಲ್ಲೆ." ನೋಡಿದರು. "ಮುಂಜಾನೆ ಎಪ್ಪತ್ತೆರಡ ಇತ್ತೇನು? ನೀವ ಎಣಿಸಿದ್ರಿ?"

"ಹೌದ್ರಿ," ಎಂದಳು ವತ್ಸಲಾಬಾಯಿ.

ಹದಿನೈದು ವರ್ಷ ಸುಳ್ಳು ಬರೆಯದ, ಸುಳ್ಳು ಹೇಳದ ನರ್ಸಬಾಯಿಯ ಮಾತು. ಡಾಕ್ಟರರು ನಂಬಿದರು. ನಂಬಿ, ತಿರುಗಿ ಹೊಳೆವ್ವನ ಮೇಲೆ ಹರಿಹಾಯ್ದರು.

"ಒಂದ ದಿನದಾಗ ಹಿಂಗ ಆಗೇದಂದ್ರ ಏನೋ ಹೊಟ್ಟಿಗೆ ಹೋಗೇದ. ಏನ ಕೊಟ್ಟೀ? ಖರೆ ಹೇಳು!"

ಹೊಳೆವ್ವ ಸೊಂಟದ ಗಂಟು ತೆಗೆದು ತೋರಿಸಿದಳು. "ಭಂಡಾರರಿ ಸಾಹೇಬ್ರ. ದೇವರದು. ಒಂದ ಚಿಟಿಕಿ…"

"ಇದರಾಗ ಕಣಗಲ ಬೇರಿನ ವಿಷಾ ಕಲಸ್ಯಾರೋ ಏನ ಹಾಳೋ! ಗಂಡನ್ನ ಕೊಲ್ಲಾಕ ನಿಂತೀಯಲ್ಲ. ನಡಿ ಹೊರಗ!" ಗಂಟನ್ನು ಕಸಿದು ಕಿಟಕಿಯಿಂದಾಚೆ ಒಗೆದರು.

ಹೊಳೆವ್ವ ಒಮ್ಮೆ ವತ್ಸಲಾಬಾಯಿಯ ಮುಖ ನೋಡಿದಳು. ವತ್ಸಲಾಬಾಯಿ ಬಟ್ಟಲು ನೋಡುತ್ತ ನಿಂತಳು. ಹೇಳಿದರೆ ಕೆಲಸ ಹೋಗುತ್ತದೆ, ಉಪವಾಸ ಕೂತು ಗಳಿಸಿದ ಕೆಲಸ. ಮತ್ತೆ ಹಿತ್ತಿಲು, ಮತ್ತೆ ಬತ್ತಿ. ಅಷ್ಟು ಯೋಚನೆ ಮುಗಿಯುವುದರಲ್ಲಿ ಹೊಳೆವ್ವ ಬಾಗಿಲು ದಾಟಿ ಹೋಗಿದ್ದಳು.

ಔಷಧ ನಿಂತಿತು. ಮೂರು ದಿನ ಡಾಕ್ಟರರೇ ನಾಡಿ ನೋಡಿದರು: ನಲವತ್ತಾರು, ಐವತ್ತೊಂದು, ಐವತ್ತೆಂಟು. ಗೋಡೆ ಮತ್ತೆ ಬೆಳ್ಳಗಾಯಿತು. ವತ್ಸಲಾಬಾಯಿ ಆ ಮಂಚದ ಕಡೆ ಸುಳಿಯಲಿಲ್ಲ. ವ್ರತ ಮುಗಿದಿತ್ತು, ಆದರೂ ಒಪ್ಪೊತ್ತೇ ಉಣ್ಣುತ್ತಿದ್ದಳು.

ಮೂರನೆಯ ದಿನ ಶಂಕ್ರೆವ್ವ ಅಂದಳು, "ಆ ಚಿಮ್ಮಡದ ಹೆಣಮಗಳು ಬೇವಿನ ಗಿಡದ ಬುಡಕ ಕುಂತಬಿಟ್ಟಾಳ್ರಿ. ಗಂಡಗ ಇಸಾ ಹಾಕಿದ ಕೈ ಇದು ಅಂತ ರೊಟ್ಟಿನೂ ಮುರಿಯವಲ್ಲಳು."

ವತ್ಸಲಾಬಾಯಿ ಕಿಟಕಿಯಿಂದ ನೋಡಿದಳು. ಹೊಳೆವ್ವನ ಹಣೆ ಬರಿದಾಗಿತ್ತು. ಭಂಡಾರವನ್ನು ತೊಳೆದುಕೊಂಡಿದ್ದಳು. ಹುಟ್ಟಿದಾಗಿನಿಂದ ಹಚ್ಚಿಕೊಂಡು ಬಂದದ್ದನ್ನು ಆ ಹೆಂಗಸು ತೊಳೆದುಕೊಂಡಿದ್ದಳು, ಇನ್ನೊಬ್ಬಳ ಸುಳ್ಳಿನಿಂದಾಗಿ. ವತ್ಸಲಾಬಾಯಿಗೆ ಮೈಮೇಲೆ ಬಟ್ಟೆ ಇಲ್ಲದೆ ಜನರ ನಡುವೆ ನಿಂತಂತಾಯಿತು. ನೇರ ಡಾಕ್ಟರರ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟಳು.

ಪ್ರಹ್ಲಾದರಾಯರು ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿದರು. "ಆದದ್ದ ಆತು. ಮನಶಾ ಉಳದಾನ. ಊರಾಗ ಹೇಳಿ ದವಾಖಾನಿ ಹೆಸರ ಕೆಡಿಸಬ್ಯಾಡ್ರಿ. ಆಕಿನ್ನ ಒಳಗ ಕರೀರಿ, ಸಾಕು."

ಬೈದಿದ್ದರೆ, ಕೆಲಸದಿಂದ ತೆಗೆದಿದ್ದರೆ ಹಗುರಾಗುತ್ತಿದ್ದಳೇನೋ. ಆ ಸುಖವೂ ಸಿಗಲಿಲ್ಲ. ಬೇವಿನ ಗಿಡದ ಕೆಳಗೆ ಹೋಗಿ ಹೊಳೆವ್ವನ ಎದುರು ನೆಲದ ಮೇಲೆ ಕೂತಳು.

"ಹೊಳೆವ್ವ, ನಿನ್ನ ಭಂಡಾರದಿಂದ ಏನೂ ಆಗಿಲ್ಲ. ನಾ ಕೊಟ್ಟ ಹನಿ ಹೆಚ್ಚಾಗಿ ಹಂಗಾತು. ಐದು ದಿನ ನಾ ನಾಡಿ ಎಣಸಲೇ ಇಲ್ಲ. ಸುಳ್ಳ ಬರದೆ. ಸಾಹೇಬರ ಮುಂದೂ ಸುಳ್ಳ ಹೇಳಿದೆ."

ಹೊಳೆವ್ವ ಮಣ್ಣಿನಲ್ಲಿ ಬೆರಳಾಡಿಸಿದಳು. "ನೀವು ಮುಟ್ಟಲಿಲ್ಲಂತ ನನಗ ಗೊತ್ತೈತ್ರಿ ಬಾಯಾರ. ನಾ ಅಲ್ಲೇ ಕುಂತಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

"ಹೆಂಗ ಹೇಳಲಿರಿ? ನಿಮ್ಮ ನೇಮ ಕೆಟ್ಟೀತಂತ ದಿನಾ ಅವರ ಕೈ ಹಿಡದ ಒಳಗ ಇಟ್ಟಾಕಿ ನಾನ. ನಂದೂ ತಪ್ಪ ಐತ್ರಿ."

ವತ್ಸಲಾಬಾಯಿ, "ನಿಂದ ತಪ್ಪಿಲ್ಲವ್ವ. ಹಣೀಗೆ ಭಂಡಾರ ಹಚ್ಚಿಗೊ," ಎಂದಳು. ಹೊಳೆವ್ವ ಸೊಂಟ ಮುಟ್ಟಿ ನೋಡಿಕೊಂಡಳು. ಗಂಟು ಅಲ್ಲಿರಲಿಲ್ಲ.

ಇಬ್ಬರೂ ಒಳಗೆ ಬಂದರು. ನಾಡಿ ನೋಡುವ ಹೊತ್ತು. ವತ್ಸಲಾಬಾಯಿ ಮಂಚದ ಹತ್ತಿರ ಹೋದಳು. ಆಕೆಯನ್ನು ಕಂಡದ್ದೇ ಗಿರಮಲ್ಲಪ್ಪ ಹೊರಗಿದ್ದ ಕೈಯನ್ನು ತಟ್ಟನೆ ಕಂಬಳಿಯೊಳಗೆ ಎಳೆದುಕೊಂಡ. ಕೈ ಚಾಚುತ್ತಿದ್ದವನು ಐದು ದಿನದಲ್ಲಿ ಅಷ್ಟು ಕಲಿತುಬಿಟ್ಟಿದ್ದ.

ವತ್ಸಲಾಬಾಯಿ ಮಂಚದ ಅಂಚಿಗೆ ಕೂತು, ಕಂಬಳಿಯೊಳಗೆ ಕೈ ಹಾಕಿ, ಹುಡುಕಿ ಆ ಕೈ ಹಿಡಿದಳು.

"ಮಡಿ ಮುಗೀತೇನ್ರಿ ಬಾಯಾರ?" ಎಂದ ಅವನು, ಹಿಂಜರಿಯುತ್ತ.

"ಮುಗೀತು."

ಆಕೆ ಗಡಿಯಾರ ನೋಡಿದಳು. ನಲವತ್ತರವರೆಗೆ ಎಣಿಸಿದಳು, ಆಮೇಲೆ ಮುಳ್ಳು ಕಾಣಿಸಲಿಲ್ಲ.

"ಎಟ್ಟ ಕುರಿ ಬಂದುವ್ರಿ?"

"ತಡಿ, ಎಣಿಕಿ ತಪ್ಪೇದ," ಎಂದು ವತ್ಸಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಒಂದರಿಂದ ಶುರು ಮಾಡಿದಳು.