ಹಸಿರು ದಾರದ ಲಡಿ

ರೇಷ್ಮೆ ನೂಲು ಬಿಚ್ಚುವವರ ಮೈವಾಸನೆ ಎಂಥದ್ದು ಅಂತ ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ಸಾಯಂಕಾಲದ ಬಸ್ಸು ಹತ್ತಿದವರಿಗೆ ಗೊತ್ತು. ಬೆಂದ ಹುಳುವಿನ ವಾಸನೆ ಅದು, ಎರಡು ಸಲ ಸೋಪು ಹಚ್ಚಿ ಉಜ್ಜಿದರೂ ಬಿಡುವುದಿಲ್ಲ. ನಾನು ಕೂತರೆ ಪಕ್ಕದವರು ಕಿಟಕಿ ತೆಗೆಯುತ್ತಿದ್ದರು, ಇಲ್ಲವೇ ಎದ್ದು ಹಿಂದಕ್ಕೆ ಹೋಗುತ್ತಿದ್ದರು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಒಳ್ಳೆಯದೇ ಆಯಿತು ಅಂದುಕೊಂಡು ಇಬ್ಬರ ಸೀಟಿನಲ್ಲಿ ಒಬ್ಬಳೇ ಕಾಲು ಚಾಚಿ ಊರು ಸೇರುತ್ತಿದ್ದೆ. ಈಗ ನನ್ನ ಪಕ್ಕದಲ್ಲಿ ಎಲ್ಲರೂ ಕೂರುತ್ತಾರೆ. ಸೂಪರ್‌ವೈಸರ್ ಆದವರಿಗೆ ಆ ವಾಸನೆ ಅಷ್ಟಾಗಿ ಅಂಟುವುದಿಲ್ಲ.

ಕೊಳ್ಳೇಗಾಲದ ಹೊರಗಿರುವ ನಮ್ಮ ಫ್ಯಾಕ್ಟರಿಯಲ್ಲಿ ಹೆಂಗಸರು ಸಾಲಾಗಿ ಕೂತು ಕೆಲಸ ಮಾಡುತ್ತಾರೆ. ಒಬ್ಬೊಬ್ಬರ ಮುಂದೆ ಒಂದೊಂದು ಬಿಸಿನೀರಿನ ತೊಟ್ಟಿ, ಅದನ್ನು ಬೇಸಿನ್ ಅನ್ನುತ್ತೇವೆ. ಬೆಂದ ಗೂಡುಗಳು ಅದರಲ್ಲಿ ತೇಲುತ್ತಿರುತ್ತವೆ. ಗೂಡಿನ ಎಳೆಯ ತುದಿ ಹುಡುಕಿ, ಎಂಟು ಹತ್ತು ಎಳೆ ಒಟ್ಟು ಸೇರಿಸಿ, ಮೇಲೆ ತಿರುಗುವ ರಾಟೆಗೆ ಕೊಡಬೇಕು. ಒಂದು ಎಳೆ ಕಡಿದರೆ ಆ ಕ್ಷಣದಲ್ಲೇ ಇನ್ನೊಂದು ಗೂಡಿನ ಎಳೆ ಸೇರಿಸಬೇಕು, ಇಲ್ಲದಿದ್ದರೆ ನೂಲು ಅಲ್ಲಿ ಸಣ್ಣಗಾಗುತ್ತದೆ. ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು ತೆಳುವಾದ ಎಳೆ ಅದು. ಪಾಳಿ ಮುಗಿಯುವ ಹೊತ್ತಿಗೆ ನೂಲನ್ನು ಲಡಿ ಮಾಡಿ, ಪ್ರತಿಯೊಬ್ಬಳೂ ತನ್ನ ಲಡಿಗೆ ತನ್ನ ಬಣ್ಣದ ದಾರ ಕಟ್ಟುತ್ತಾಳೆ. ತಪ್ಪು ಯಾರದು ಅಂತ ಪರೀಕ್ಷೆ ಮಾಡುವವರಿಗೆ ಆ ದಾರದಿಂದಲೇ ಗೊತ್ತಾಗುತ್ತದೆ. ನನ್ನದು ಹಳದಿ ದಾರವಾಗಿತ್ತು. ದೊಡ್ಡವ್ವನದು ಹಸಿರು.

ದೊಡ್ಡವ್ವ ನನ್ನ ನೆಂಟಳಲ್ಲ. ಇಡೀ ಸಾಲು ಅವಳನ್ನು ಹಾಗೆ ಕರೆಯುತ್ತಿತ್ತು, ನಾನೂ ಕರೆದೆ. ಕಾಮಗೆರೆಯವಳು. ಗಂಡ ತೀರಿಕೊಂಡ ವರ್ಷ ಬಂದು ಮೊದಲನೇ ಬೇಸಿನ್ನಿನ ಮುಂದೆ ಕೂತವಳು ಅಲ್ಲಿಂದ ಎದ್ದೇ ಇರಲಿಲ್ಲ. ಅವಳ ಪಕ್ಕದ ಬೇಸಿನ್ನಿನಲ್ಲಿ ಅದೇ ಊರಿನ ಇನ್ನೊಬ್ಬಳು ಇದ್ದಳು, ನಾವು ಅವಳನ್ನು ಅಕ್ಕ ಅನ್ನುತ್ತಿದ್ದೆವು. ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು, ಒಂದೇ ಡಬ್ಬಿಯ ಮುದ್ದೆ ಮುರಿದು ತಿನ್ನುತ್ತಿದ್ದರು, ದಿನಕ್ಕೆ ಒಂದು ಸಲವಾದರೂ ಜಗಳ ಆಡುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ವಾರವೇ ಬಲಗೈ ತೋರುಬೆರಳನ್ನು ಸುಟ್ಟುಕೊಂಡೆ. ದೊಡ್ಡವ್ವ ತನ್ನ ಚೀಲದಿಂದ ಕೊಬ್ಬರಿ ಎಣ್ಣೆಯ ಸೀಸೆ ತೆಗೆದು ಹತ್ತು ದಿನ ಹಚ್ಚಿದಳು. ಎಳೆಯ ತುದಿ ಸಿಗದೆ ನಾನು ಅಳುಮುಖ ಮಾಡಿಕೊಂಡು ನೀರಿನೊಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದಾಗ, “ಕಣ್ಣಲ್ಲಿ ಉಡುಕಬ್ಯಾಡ ಕಣಮ್ಮಿ, ಬೆರಳಲ್ಲಿ ಉಡುಕು,” ಅಂದಿದ್ದಳು. ಕೆಲಸ ಕೈಗೆ ಹತ್ತಿದ್ದು ಅಲ್ಲಿಂದ ಮೇಲೆ.

ನಾಲ್ಕು ವರ್ಷ ಕಳೆದ ಮೇಲೆ ಆಫೀಸಿನವರು ಸಾಲಿನಿಂದ ಒಬ್ಬರನ್ನು ಆರಿಸಿ ಸೂಪರ್‌ವೈಸರ್ ಕೆಲಸಕ್ಕೆ ತಯಾರು ಮಾಡುತ್ತೇವೆ ಅಂದರು. ಒಂದು ವರ್ಷದ ಅಪ್ರೆಂಟಿಸ್, ಕೆಲಸ ಮಾಡುತ್ತಲೇ ಕಲಿಯಬೇಕು, ಕೊನೆಗೆ ಪರೀಕ್ಷೆ. ಪಿಯುಸಿ ಓದಿದವಳು ಸಾಲಿನಲ್ಲಿ ನಾನೊಬ್ಬಳೇ ಆದರೂ ನನ್ನ ಬಾಯಿ ಕಂಡರೆ ಮ್ಯಾನೇಜರಿಗೆ ಆಗುತ್ತಿರಲಿಲ್ಲ. ದೊಡ್ಡವ್ವ ತಾನಾಗಿ ಆಫೀಸಿಗೆ ಹೋಗಿ, ಬಾಯಿ ಜೋರು ಸಾ, ಆದರೆ ಕೈ ಶುದ್ಧ ಅಂತ ನನ್ನ ಪರವಾಗಿ ಹೇಳಿ ಬಂದಳಂತೆ. ನನಗೆ ನೀಲಿ ಕೋಟು ಸಿಕ್ಕಿತು. ಅದನ್ನು ಹಾಕಿಕೊಂಡ ಮೊದಲ ದಿನ ಸಾಲಿಗೆ ಸಾಲೇ ನನ್ನನ್ನು ಮೇಡಂ ಮೇಡಂ ಅಂತ ಕರೆದು ಗೋಳು ಹುಯ್ದುಕೊಂಡಿತು.

ವಾರಕ್ಕೊಂದು ದಿನ ಮೈಸೂರಿನಿಂದ ಒಬ್ಬ ಮೇಷ್ಟ್ರು ಬಂದು ಪಾಠ ಮಾಡುತ್ತಿದ್ದರು. ಸಾಲಿನ ಹಿಂದೆ ನಿಂತು ಗಮನಿಸಬೇಕು, ಒಂದೊಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಮೊಬೈಲಿನಲ್ಲಿ ನೋಡಿ ಬರೆಯಬೇಕು ಅಂತ ಅವರು ಹೇಳಿಕೊಟ್ಟರು. ದೊಡ್ಡವ್ವನ ಪಾಠ ಬೇರೆ. ಬೆನ್ನ ಹಿಂದೆ ನಿಂತರೆ ಕೆಲಸ ಮಾಡುವವಳ ಬೆನ್ನು ಉರಿಯುತ್ತದೆ, ಪಕ್ಕಕ್ಕೆ ಬಂದು ನಿಲ್ಲು. ಊಟಕ್ಕೆ ಏನು ತಂದಿದ್ದೀಯ ಅಂತ ಮೊದಲು ಕೇಳು, ತಪ್ಪನ್ನು ಆಮೇಲೆ ಹೇಳು. ಇಬ್ಬರು ಗುರುಗಳಲ್ಲಿ ಯಾರ ಮಾತು ಕೇಳಿದೆ ಅಂದರೆ, ಮೇಷ್ಟ್ರು ಬಂದ ದಿನ ಮೇಷ್ಟ್ರದು, ಮಿಕ್ಕ ದಿನ ದೊಡ್ಡವ್ವನದು. ಕೆಲಸ ಚೆನ್ನಾಗಿ ನಡೆಯುತ್ತಿತ್ತು.

ಪಾಳಿ ಮುಗಿದಾಗ ಲಡಿಗಳನ್ನು ಎತ್ತಿಕೊಂಡು ಹೋಗಿ ಪರೀಕ್ಷೆಗೆ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ವರ್ಷಗಟ್ಟಲೆ ಒಟ್ಟಿಗೆ ಕೂತವಳಿಗೆ ಯಾವ ನೂಲು ಯಾರ ಕೈಯದು ಅಂತ ಮುಟ್ಟಿದರೆ ತಿಳಿಯುತ್ತದೆ. ಹಸಿರು ದಾರದ ಲಡಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಹೋಲಿಕೆಯೇ ಇರಲಿಲ್ಲ. ಒಂದರಲ್ಲಿ ಎಡಚಿಯಾದ ಅಕ್ಕ ಹಾಕುವ ತಿರುವುಮುರುವು ಗಂಟು ಇತ್ತು. ಮರುದಿನ ಕಣ್ಣಿಟ್ಟು ನೋಡಿದೆ. ಲಡಿ ಇಳಿಸುವ ಹೊತ್ತಿನಲ್ಲಿ ಸಾಲಿನ ನಾಲ್ಕು ಜನ ತಂತಮ್ಮ ಲಡಿಗಳಲ್ಲಿ ಒಂದೊಂದಕ್ಕೆ ಹಸಿರು ದಾರ ಕಟ್ಟಿ ದೊಡ್ಡವ್ವನ ಗೂಟಕ್ಕೆ ನೇತುಹಾಕುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ದೊಡ್ಡವ್ವ ರಾಟೆಯ ಕಡೆ ತಿರುಗಿ ಸುಮ್ಮನೆ ಕೂತಿರುತ್ತಿದ್ದಳು.

ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ದಾರಿ, ಬಸ್ಸು, ಮನುಷ್ಯರು ಮಸುಕಾಗಿ ಕಾಣುತ್ತಿದ್ದರು, ಎಳೆ ಕಾಣುತ್ತಿರಲಿಲ್ಲ. ಕಣ್ಣಿನ ನರ ಸೊರಗಿದೆ, ಆಪರೇಷನ್ ಮಾಡಿದರೂ ಬರುವುದಿಲ್ಲ ಅಂತ ಡಾಕ್ಟರು ಹೇಳಿದ್ದರಂತೆ. ಕೆಲಸದಿಂದ ಬಿಡುಗಡೆಯಾಗುವ ವಯಸ್ಸಿಗೆ ಇನ್ನೆರಡು ವರ್ಷ ಇತ್ತು. ಆ ಎರಡು ವರ್ಷ ಕಳೆದು, ಕೊನೆಯ ದಿನ ತಾನಾಗಿ ಎದ್ದು ಹೋಗಬೇಕು ಅನ್ನುವುದೊಂದೇ ಅವಳ ಆಸೆ. ಇದೆಲ್ಲ ನನಗೆ ಅಕ್ಕ ಹೇಳಿದ್ದು. ಯಾರ ಹತ್ತಿರವೂ ಬಾಯಿ ಬಿಡಬೇಡ ಅಂದಳು. ನಾನೂ ಬಿಡಲಿಲ್ಲ.

ಬಾಯಿ ಬಿಡಲಿಲ್ಲ, ಬರೆದೆ.

ಪರೀಕ್ಷೆಗೆ ಮುಂಚೆ ರೆಕಾರ್ಡ್ ಪುಸ್ತಕ ತುಂಬಿಸಿ ಕೊಡಬೇಕಿತ್ತು. ಅದರಲ್ಲಿ ಒಂದು ಕಡೆ, ನಿಮ್ಮ ತಂಡದಲ್ಲಿ ನೀವು ಕಂಡ ಸಹಕಾರದ ಬಗ್ಗೆ ಎರಡು ಪುಟ ಬರೆಯಿರಿ ಅಂತ ಇತ್ತು. ಹೈಸ್ಕೂಲಿನಲ್ಲಿ ಪ್ರಬಂಧಕ್ಕೆ ಬಹುಮಾನ ತಗೊಂಡ ಜಂಬ ನನಗೆ. ಮೇಷ್ಟ್ರು ಹೇಳಿಕೊಟ್ಟಿದ್ದ ಒಣ ಮಾತು ಬರೆಯಲು ಮನಸ್ಸು ಬರಲಿಲ್ಲ. ಒಬ್ಬಳ ಕಣ್ಣು ಹೋದರೆ ನಾಲ್ವರು ಅವಳ ಕಣ್ಣಾಗುತ್ತಾರೆ ಅಂತ ಶುರು ಮಾಡಿ ಹಸಿರು ದಾರದ ಕಥೆಯನ್ನೆಲ್ಲ ಬರೆದೆ. ಬರೆಯುತ್ತಾ ಕಣ್ಣಲ್ಲಿ ನೀರು ಬಂತು. ಯಾರ ಹೆಸರನ್ನೂ ಹಾಕಲಿಲ್ಲ ಅಂತ ಸಮಾಧಾನ ಬೇರೆ. ಇಡೀ ಶೆಡ್ಡಿನಲ್ಲಿ ಹಸಿರು ದಾರ ಇದ್ದದ್ದು ಒಬ್ಬಳಿಗೇ ಅನ್ನುವುದು ಈ ದಡ್ಡಿಯ ತಲೆಗೆ ಹೊಳೆಯಲೇ ಇಲ್ಲ.

ಮೇಷ್ಟ್ರು ಆ ಪುಟಕ್ಕೆ ಪೂರ್ತಿ ಮಾರ್ಕು ಕೊಟ್ಟರು. ಪುಸ್ತಕ ಅಲ್ಲಿಂದ ಮ್ಯಾನೇಜರ ಮೇಜಿಗೆ ಹೋಯಿತು. ಆ ವಾರವೇ ಎಲ್ಲರಿಗೂ ಕಣ್ಣಿನ ಪರೀಕ್ಷೆ ಮಾಡಿಸಬೇಕು ಅಂತ ಆರ್ಡರ್ ಆಯಿತು. ಹದಿನೈದು ದಿನದಲ್ಲಿ ದೊಡ್ಡವ್ವನನ್ನು ಕರೆದು, ಶಾಲು ಹೊದಿಸಿ, ಸಾಕು ನೀವು ದುಡಿದದ್ದು ಅಂದು ಕಳಿಸಿದರು. ನಾನು ಮ್ಯಾನೇಜರ ಮುಂದೆ ಹೋಗಿ ಜಗಳಕ್ಕೆ ನಿಂತೆ. ಅವರು ಕೂಗಾಡಲಿಲ್ಲ. ಕುದಿಯುವ ನೀರಿನ ಮುಂದೆ ಕಣ್ಣು ಕಾಣದವರನ್ನು ಕೂರಿಸಿ, ನಾಳೆ ಅವರ ಮುಖದ ಮೇಲೆ ನೀರು ಬಿದ್ದರೆ ನೀನು ಸೂಪರ್‌ವೈಸರ್ ಆಗಿ ಏನು ಹೇಳುತ್ತೀಯ ಅಂತ ಕೇಳಿದರು. ನಾನು ಕೋಟಿನ ಗುಂಡಿ ಹಾಕಿಕೊಂಡು ಸಾಲಿಗೆ ವಾಪಸು ಬಂದೆ.

ಹೇಳಿದವರು ಯಾರು ಅಂತ ಸಾಲಿನಲ್ಲಿ ಗುಸುಗುಸು ಎದ್ದಿತು. ಆರ್ಡರ್ ಬರುವ ಎರಡು ದಿನ ಮುಂಚೆ ಅಕ್ಕ ಆಫೀಸಿಗೆ ಹೋಗಿದ್ದಳು, ಮಗಳ ಬಾಣಂತನಕ್ಕೆ ರಜೆ ಕೇಳುವುದಕ್ಕೆ. ರಜೆ ಸಿಕ್ಕಿತ್ತು. ಅಷ್ಟೇ ಸಾಕಾಯಿತು. ರಜೆಗೋಸ್ಕರ ದೊಡ್ಡವ್ವನನ್ನು ಮಾರಿಬಿಟ್ಟಳು ಅಂದರು, ದೊಡ್ಡವ್ವನ ಕಿವಿಗೂ ಅದೇ ಮಾತು ಬಿತ್ತು. ಅವಳು ಆಣೆ ಇಟ್ಟು ಹೇಳಿದರೂ ನಂಬಲಿಲ್ಲ. ಬಾಣಂತನ ಮುಗಿಸಿ ಬಂದವಳು ಊಟದ ಹೊತ್ತಿನಲ್ಲಿ ಒಬ್ಬಳೇ ಗೋಡೆ ಕಡೆ ತಿರುಗಿ ಕೂತು ಡಬ್ಬಿ ಬಿಚ್ಚುತ್ತಿದ್ದಳು. ನಾನು ನೀಲಿ ಕೋಟು ಹಾಕಿಕೊಂಡು ಅವಳ ಪಕ್ಕ ಹೋಗಿ ನಿಂತು, ಊಟಕ್ಕೆ ಏನು ತಂದಿದ್ದೀಯಕ್ಕ ಅಂತ ಕೇಳುತ್ತಿದ್ದೆ. ಕೇಳುವಾಗ ನಾಲಿಗೆ ಒಂದು ಸಲವೂ ತೊದಲಲಿಲ್ಲ.

ನಿಜ ಹೇಳಿದರೆ ಸಾಲು ನನ್ನ ಮಾತು ಕೇಳುವುದಿಲ್ಲ, ಕಲಿತದ್ದೆಲ್ಲ ನೀರುಪಾಲು ಅನ್ನುವ ಭಯ. ಪರೀಕ್ಷೆ ಆಗಲಿ ಅಂದುಕೊಂಡೆ. ಪರೀಕ್ಷೆ ಆದ ಮೇಲೆ ಸರ್ಟಿಫಿಕೇಟು ಬರಲಿ ಅಂದುಕೊಂಡೆ. ಹೀಗೆ ಮೂರು ತಿಂಗಳು ಕಳೆದವು. ಸರ್ಟಿಫಿಕೇಟು ಕೈಗೆ ಬಂದ ದಿನ ನನ್ನ ಹತ್ತಿರ ಯಾವ ನೆಪವೂ ಉಳಿದಿರಲಿಲ್ಲ.

ಭಾನುವಾರ ಸರ್ಟಿಫಿಕೇಟಿನ ಜೊತೆ ಒಂದು ಡಬ್ಬಿ ಮೈಸೂರು ಪಾಕು ತಗೊಂಡು ಹನೂರಿನ ಬಸ್ಸು ಹತ್ತಿ ಕಾಮಗೆರೆಯಲ್ಲಿ ಇಳಿದೆ. ದೊಡ್ಡವ್ವ ಜಗಲಿಯ ಮೇಲೆ ಕೂತಿದ್ದಳು. ನಾನು ಎದುರಿಗೆ ನಿಂತರೂ ಗುರುತು ಸಿಗಲಿಲ್ಲ, ಯಾರವ್ವ ಅಂತ ಕೇಳಿ ಕೈ ಚಾಚಿದಳು. ನನ್ನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಸವರಿದಳು. ತೋರುಬೆರಳಿನ ಸುಟ್ಟ ಗಾಯದ ಕಲೆ ಸಿಕ್ಕಿದ್ದೇ ಮುಖ ಅರಳಿತು.

“ಓ, ನೀನಾ? ಕೈ ಎಷ್ಟು ಮೆತ್ತಗಾಗ್ಬುಟ್ಟದೆ ಕಣಮ್ಮಿ,” ಅಂದಳು.

ಪಾಸಾದೆಯಾ ಅಂತ ಕೇಳಿದಳು. ಆದೆ ಅಂದೆ. ಸರ್ಟಿಫಿಕೇಟನ್ನು ಇಸಿದುಕೊಂಡು, ಓದುವವಳ ಹಾಗೆ ಅದರ ಮೇಲೆಲ್ಲ ಬೆರಳಾಡಿಸಿದಳು. ಬಸ್ಸು ಹತ್ತಿ ತನ್ನನ್ನು ನೋಡಲು ಬಂದವಳು ಸಾಲಿನಲ್ಲಿ ನೀನೊಬ್ಬಳೇ ಅಂದಳು. ಆಮೇಲೆ ಮಾತು ಅಕ್ಕನ ಕಡೆ ತಿರುಗಿತು. ಎರಡು ಬೀದಿ ಆಚೆ ಇರುವ ಅವಳ ಮುಖ ನೋಡಿ ಮೂರು ತಿಂಗಳಾಯಿತಂತೆ. ಎರಡು ಸಲ ಬಾಗಿಲಿಗೆ ಬಂದಿದ್ದಳಂತೆ, ಇವಳೇ ಒಳಗಿನಿಂದ ಅಗಣಿ ಹಾಕಿಕೊಂಡಳಂತೆ.

“ಕಣ್ಣು ಓಯ್ತು ಅಂತ ನಾನು ಅಳ್ನಿಲ್ಲ ಕಣಮ್ಮಿ. ಒಂದೇ ಡಬ್ಬೀಲಿ ಉಂಡೋಳು ಇಂಗ್ ಮಾಡುದ್ಲಲ್ಲ, ಅದ್ಕ ಅತ್ತೆ.”

“ಅಕ್ಕ ಅಲ್ಲ ದೊಡ್ಡವ್ವ,” ಅಂದೆ. “ನಾನು. ನಾನು ಬರ್ದಿದ್ದು.”

ಏನು ಬರೆದೆ ಅಂತ ಕೇಳಿದಳು. ಎರಡು ಪುಟವೂ ಬಾಯಿಪಾಠವಾಗಿದ್ದವು, ಒಂದಕ್ಷರ ಬಿಡದೆ ಹೇಳಿದೆ. ಅವಳು ತಲೆ ತಗ್ಗಿಸಿ ಪೂರ್ತಿ ಕೇಳಿದಳು. ಬೈಯಲಿ, ಹೊಡೆಯಲಿ ಅಂತ ಕಾಯುತ್ತಿದ್ದೆ. ಬೈಯಲಿಲ್ಲ. ನಾನು ಅಳುವುದಕ್ಕೆ ಶುರು ಮಾಡಿದರೂ ಅವಳ ಕೈ ನನ್ನ ಕಡೆ ಬರಲಿಲ್ಲ.

“ಅವಳ್ಗ ಈ ಮಾತ ಯೋಳಿದ್ದಿಯಾ?” ಅಂತ ಕೇಳಿದಳು.

ಇಲ್ಲ ಅಂದೆ.

“ಮೂರ್ ತಿಂಗ್ಳು,” ಅಂದಳು, ನನಗಲ್ಲ, ತನಗೆ ತಾನೇ. ಸರ್ಟಿಫಿಕೇಟನ್ನು ನನ್ನ ಮಡಿಲಿಗೆ ಹಾಕಿ ಎದ್ದು, ನಡಿ ಅವಳ ಮನೆಗೆ ಅಂದಳು.

ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡಿದ್ದಳು, ಬೇರೆ ದಾರಿ ಇರಲಿಲ್ಲ. ಚರಂಡಿ ಇದೆ, ಕಲ್ಲು ಇದೆ ಅಂತ ನಾನು ಹೇಳುತ್ತಿದ್ದೆ. ಅಕ್ಕ ಬಾಗಿಲಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದವಳು ನಮ್ಮನ್ನು ಕಂಡು ಎದ್ದು ನಿಂತಳು. ದೊಡ್ಡವ್ವ ನನ್ನ ಕೈ ಬಿಟ್ಟಳು.

“ಬರ್ದೋಳು ಇವ್ಳಂತೆ. ನಿನ್ನ ತಪ್ಪು ತಿಳ್ಕಂಡಿದ್ದೆ ಕಣೆ.”

ಅಕ್ಕ ಒಂದೇ ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಮೊರ ಪಕ್ಕಕ್ಕಿಟ್ಟು ಇಳಿದು ಬಂದು ದೊಡ್ಡವ್ವನ ರಟ್ಟೆ ಹಿಡಿದಳು. ಹೊಸಿಲು ಇದೆ, ಮೆಲ್ಲಗೆ ಅಂದಳು. ಇಬ್ಬರೂ ಒಳಗೆ ಹೋದರು.

ನಾನು ಮೈಸೂರು ಪಾಕಿನ ಡಬ್ಬಿ ಹಿಡಿದುಕೊಂಡು ಬೀದಿಯಲ್ಲಿ ನಿಂತಿದ್ದೆ. ನಮ್ಮ ಕಡೆ ಬಾಗಿಲಿಗೆ ಬಂದವರು ಯಾರೇ ಆಗಲಿ, ಒಳಗೆ ಬನ್ನಿ, ನೀರು ಕುಡಿಯಿರಿ ಅನ್ನದೆ ಇರುವುದಿಲ್ಲ. ಒಳಗೆ ಲೋಟದ ಸದ್ದಾಯಿತು. ಅಕ್ಕ ಮೂಗು ಸೀಟುವುದು, ದೊಡ್ಡವ್ವ ಏನೋ ಹೇಳುವುದು ಕೇಳಿಸಿತು, ಹಳೆಯ ಜಗಳದ ದನಿಯಲ್ಲೇ. ಬಿಸಿಲು ನೆತ್ತಿಗೆ ಬರುವ ತನಕ ಕಾದೆ. ಒಳಗೆ ಬಾ ಅಂತ ಇಬ್ಬರಲ್ಲಿ ಯಾರೂ ಕರೆಯಲಿಲ್ಲ.