ಯಲ್ಲಾಪುರದಿಂದ ಹೂಂ

ಸುಮ್ಮನೆ ಕೂರುವುದು ನನಗೆ ಹುಟ್ಟಿನಿಂದಲೇ ಬಂದಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕಾಲು ಕುಣಿಯುತ್ತಿರುತ್ತದೆ, ಎದುರಿನವರು ಮಾತು ಮುಗಿಸುವ ಮೊದಲೇ ಉತ್ತರ ನಾಲಿಗೆಯ ಮೇಲಿರುತ್ತದೆ. ಅಂಥವಳನ್ನು ಯಲ್ಲಾಪುರದ ನಮ್ಮ ಸರ್ಕಾರಿ ಕಚೇರಿಯಲ್ಲಿ ವಿಡಿಯೋ ಕಾನ್ಫರೆನ್ಸಿಗೆ ಕೂರಿಸಿದರು. ಶಿರಸಿಯಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿದವಳು ಅಲ್ಲಿ ನಾನೊಬ್ಬಳೇ ಎಂಬುದಷ್ಟೇ ಕಾರಣ. ಮೊಬೈಲು ಇದ್ದವರೂ ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತುತ್ತಿದ್ದ ವರ್ಷಗಳವು.

ಹುಬ್ಬಳ್ಳಿಯಿಂದ ಬಂದವನೊಬ್ಬ ಟಿವಿಯ ಮೇಲೆ ಕ್ಯಾಮೆರಾ ಕೂರಿಸಿ, ರಿಮೋಟು ನನ್ನ ಕೈಗಿಟ್ಟು, ಹತ್ತು ನಿಮಿಷದಲ್ಲಿ ಪಾಠ ಮುಗಿಸಿದ. ದೊಡ್ಡ ಸಾಹೇಬರು ಕಾರವಾರದಲ್ಲಿ, ತಾಲೂಕಿನವರಾದ ನಾವು ನಮ್ಮ ನಮ್ಮ ಕೋಣೆಗಳಲ್ಲಿ. ಯಾವ ಕೋಣೆಯಿಂದ ದನಿ ಬರುತ್ತದೋ ಆ ಕೋಣೆಯ ಚಿತ್ರ ಎಲ್ಲರ ಪರದೆಗೂ ತಾನಾಗಿ ಬರುತ್ತದೆ. ನಮ್ಮ ದನಿ ಹೋಗಬಾರದೆಂದರೆ ಕೆಂಪು ಬಟನ್ ಒತ್ತಬೇಕು. ಇನ್ನೊಮ್ಮೆ ಒತ್ತಿದರೆ ಮತ್ತೆ ಹೋಗುತ್ತದೆ. ಮಾತು ಆ ಬದಿ ಮುಟ್ಟಲು ಒಂದೆರಡು ಕ್ಷಣ ತಡ. ಆ ಒಂದೆರಡು ಕ್ಷಣವೇ ನನಗೆ ತಡೆಯುತ್ತಿರಲಿಲ್ಲ.

ತೊಂದರೆ ಬಂದದ್ದು ನಮ್ಮ ಮ್ಯಾನೇಜರಿಂದ. ನನಗೆ ಕಡತ ಬರೆಯಲು ಕಲಿಸಿದ ಹಿರಿಯರು, ನಿವೃತ್ತಿಗೆ ವರ್ಷ ಚಿಲ್ಲರೆ ಉಳಿದಿತ್ತು. ಯಾರು ಏನು ಹೇಳಿದರೂ ನಡುನಡುವೆ ‘ಹೂಂ... ಹೂಂ’ ಎನ್ನುವುದು ಅವರ ರೂಢಿ. ಹೂಂಗುಡದೆ ಕೂತರೆ ಎದುರಿನವರಿಗೆ ಅವಮಾನ ಎಂದು ನಂಬಿದ್ದ ಮನುಷ್ಯ. ನಮ್ಮ ಹಾನಗಲ್ ಕಡೆ ಮಕ್ಕಳು ಕತೆ ಕೇಳುವಾಗ ಹೂಂ ಅನ್ನುತ್ತಾರೆ. ದೊಡ್ಡವರ ಬಾಯಲ್ಲಿ ದಿನವಿಡೀ ಕೇಳಿ ನನ್ನ ತಲೆ ಚಿಟ್ಟು ಹಿಡಿಯುತ್ತಿತ್ತು.

ಮೊದಲ ಸಭೆಯಲ್ಲಿ ಸಾಹೇಬರು ಸಿದ್ದಾಪುರದವರಿಗೆ ಏನೋ ಹೇಳುತ್ತಿದ್ದರು. ಇವರು ಹೂಂ ಅಂದರು. ಪರದೆ ಜಿಗಿದು ಎಲ್ಲ ತಾಲೂಕಿಗೂ ನಮ್ಮನ್ನು ತೋರಿಸಿತು. “ಯಲ್ಲಾಪುರ, ಏನಾದರೂ ಹೇಳುವುದಿದೆಯಾ?” ಎಂದರು ಸಾಹೇಬರು. ಇಲ್ಲ ಸರ್, ಎಂದರು ಇವರು. ಅರ್ಧ ನಿಮಿಷದಲ್ಲಿ ಮತ್ತೆ ಹೂಂ.

“ಸರ, ಸುಮ್ನ ಕೇಳ್ರಿ, ಹೂಂ ಅನಬ್ಯಾಡ್ರಿ,” ಎಂದೆ ಆಮೇಲೆ.

“ಆನು ಕೇಳ್ತಾ ಇದ್ದಿ ಹೇಳಿ ಅವ್ರಿಗೆ ಗೊತ್ತಾಗ್ಬೇಕಲ್ಲ ತಂಗಿ.” ಅವರ ಹವ್ಯಕ ಮಾತಿನಲ್ಲಿ ‘ಆನು’ ಅಂದರೆ ನಾನು, ‘ಹೇಳಿ’ ಅಂದರೆ ಎಂದು.

ಮುಂದಿನ ಸಭೆಗೆ ಬಾಯಿ ತುಂಬ ಕವಳ ಹಾಕಿಕೊಂಡು ಕೂತರು. ಎಲೆ ಅಡಿಕೆಯ ಹಿಂದಿನಿಂದಲೂ ಹೂಂ ಬಂತು.

ಮೂರನೆಯ ಸಭೆ ಹಾಗೆಲ್ಲ ನಕ್ಕು ಬಿಡುವಂಥದಾಗಿರಲಿಲ್ಲ. ವಜ್ರಳ್ಳಿ ಕಡೆಯ ಒಂದು ಕೇರಿಗೆ ಹಳ್ಳ ದಾಟಲು ಎರಡು ಮರದ ದಿಮ್ಮಿಯಷ್ಟೇ ಇತ್ತು. ಮಳೆಗಾಲದಲ್ಲಿ ಅದೂ ತೇಲಿಹೋಗಿ ಮಕ್ಕಳಿಗೆ ಶಾಲೆ ತಪ್ಪುತ್ತಿತ್ತು. ಮ್ಯಾನೇಜರು ತಾವೇ ಹೋಗಿ ನೋಡಿ ಬಂದಿದ್ದರು. ನಿಂತು ದಾಟಲು ಧೈರ್ಯ ಸಾಲದೆ, ದಿಮ್ಮಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಸರಿದು ಸರಿದು ದಾಟಿ ಪ್ಯಾಂಟು ಹರಿದುಕೊಂಡಿದ್ದರು. ಅಲ್ಲಿಗೊಂದು ಕಾಲುಸಂಕ, ನಡೆದು ದಾಟುವಷ್ಟು ಸಣ್ಣ ಸೇತುವೆ, ಬೇಕೆಂದು ಕೇಳಲು ಉಳಿದದ್ದು ಆ ಸಭೆಯೊಂದೇ. ಆ ವರ್ಷದ ಕಾಮಗಾರಿಗಳ ಪಟ್ಟಿ ಅಂದು ಮುಗಿದರೆ ಇನ್ನೊಂದು ಮಳೆಗಾಲ ಕಾಯಬೇಕು.

ಸಭೆ ಶುರುವಾಗಿ ಹತ್ತು ನಿಮಿಷಕ್ಕೆ ಮೂರು ಸಲ ಪರದೆ ನಮ್ಮತ್ತ ಜಿಗಿಯಿತು. “ಯಲ್ಲಾಪುರದವರು ಸ್ವಲ್ಪ ಸುಮ್ಮನಿರಬೇಕು,” ಎಂದರು ಸಾಹೇಬರು. ನನಗೆ ಮೈಯೆಲ್ಲ ಉರಿಯಿತು. ಮ್ಯಾನೇಜರಿಗೆ ತಿಳಿಯದಂತೆ ಕೆಂಪು ಬಟನ್ ಒತ್ತಿಬಿಟ್ಟೆ. ಅವರು ಪಾಪ ಹೂಂಗುಡುತ್ತಲೇ ಇದ್ದರು, ಪರದೆ ಅಲುಗಲಿಲ್ಲ. ನಾನು ಗಡಿಯಾರ ನೋಡತೊಡಗಿದೆ. ನಾನು ಮನೆಗೆ ಹೋಗುವ ಐದೂವರೆಯ ಶಿರಸಿ ಬಸ್ಸು ತಪ್ಪಿದರೆ ಮುಂದಿನದಕ್ಕೆ ಒಂದು ಗಂಟೆ ನಿಲ್ಲಬೇಕಿತ್ತು.

“ಯಲ್ಲಾಪುರ ಹೇಳಿ,” ಎಂದು ಸಾಹೇಬರು ಕಾಗದಗಳತ್ತ ತಲೆ ತಗ್ಗಿಸಿದರು. ಮ್ಯಾನೇಜರು ಕೈಮುಗಿದು ಆರಂಭಿಸಿದರು. ಎಷ್ಟು ಮನೆ, ಎಷ್ಟು ಮಕ್ಕಳು, ತಾವು ಕೂತು ದಾಟಿದ್ದು, ಎಲ್ಲವನ್ನೂ ಹೇಳಿದರು. ಅಷ್ಟು ಚೆನ್ನಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಪರದೆಯಲ್ಲಿ ನಮ್ಮ ಚಿತ್ರ ಬರಲೇ ಇಲ್ಲ. ನನಗೆ ಅದು ಹೊಳೆಯುವಷ್ಟರಲ್ಲಿ ಸಾಹೇಬರು ತಲೆ ಎತ್ತಿ, “ಸರಿ, ಯಲ್ಲಾಪುರದಿಂದ ಏನೂ ಇಲ್ಲ. ಶಿರಸಿ?” ಎಂದಾಗಿತ್ತು.

ಬಟನ್ ನನ್ನ ಹೆಬ್ಬೆರಳ ಕೆಳಗೇ ಇತ್ತು. ಒತ್ತಿ, ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ತಪ್ಪು ನನ್ನದೆಂದು ಎಲ್ಲರೆದುರು ಹೇಳಬೇಕಾಗುತ್ತಿತ್ತು. ಒತ್ತಲಿಲ್ಲ. “ಲೈನ್ ಸರಿ ಇದ್ದಿಲ್ರಿ ಸರ,” ಎಂದೆ ಮ್ಯಾನೇಜರಿಗೆ.

“ಹೂಂ,” ಎಂದರು ಅವರು.

ಮರುದಿನ ರಜೆ ಹಾಕಿ, ಕಡತ ಚೀಲಕ್ಕೆ ತುರುಕಿಕೊಂಡು ಬಸ್ಸು ಹತ್ತಿ ಕಾರವಾರಕ್ಕೆ ಹೋಗಿಬಂದರು. ಪಟ್ಟಿ ಮುಗಿದಿದೆ, ಮುಂದಿನ ವರ್ಷ ನೋಡೋಣ ಎಂದರಂತೆ ಅಲ್ಲಿಯವರು. ಆ ಮಳೆಗಾಲವೂ ದಿಮ್ಮಿ ತೇಲಿಹೋಯಿತೆಂಬ ಸುದ್ದಿ ಬಂದ ದಿನ ನಾನು ಮಧ್ಯಾಹ್ನದ ಡಬ್ಬಿ ಬಿಚ್ಚಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಗಿತ್ತು. ಹೇಳಿಬಿಡಬೇಕೆಂದು ಎಷ್ಟೋ ಸಲ ಅವರ ಮೇಜಿನ ತನಕ ಹೋಗಿ, ಬೇರೇನೋ ಕೇಳಿ ವಾಪಸು ಬಂದಿದ್ದೇನೆ.

ಮುಂದಿನ ವರ್ಷದ ಪಟ್ಟಿಯ ಸಭೆ ಬಂದಾಗ ಅವರ ನಿವೃತ್ತಿಗೆ ಇಪ್ಪತ್ತು ದಿನವೂ ಉಳಿದಿರಲಿಲ್ಲ. ಸಂಕದ ಕಡತ ತಂದು ನನ್ನ ಮುಂದಿಟ್ಟರು.

“ಈ ಸಲ ನೀನೇ ಹೇಳು ತಂಗಿ. ಆನು ಪಕ್ಕದಲ್ಲಿ ಕೂತ್ಕಳ್ತೆ. ಅವ್ರು ಮಾತಾಡುವಾಗ ಆ ಕೆಂಪು ಬಟನ್ ಒತ್ತಿ ಇಟ್ಕ. ನೀನು ಮಾತಾಡುವಾಗ ಮಾತ್ರ ತೆಗೆಯದು ಮರೀಬೇಡ.”

ನನ್ನ ಕಾಲು ಕುಣಿಯುವುದು ನಿಂತಿತು. “ಯಾವಾಗ ಗೊತ್ತಾತ್ರಿ ಸರ?”

“ಅವತ್ತೇ. ಆನು ಅಷ್ಟೊತ್ತು ಹೇಳಿದ್ರೂ ಆ ಬದಿಂದ ಒಂದು ಹೂಂ ಬಂದಿದ್ದಿಲ್ಲೆ. ಎಂತದೋ ಆಗಿದ್ದು ಹೇಳಿ ನಿನ್ನ ಕೈ ನೋಡಿದೆ.”

ವರ್ಷವಿಡೀ ಅವರು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಸಭೆಯಲ್ಲಿ ನಮ್ಮ ಸರದಿ ಬಂದಾಗ ಕೆಂಪು ಬಟನ್ ತೆಗೆದೆ. ಪರದೆಯಲ್ಲಿ ನಮ್ಮಿಬ್ಬರ ಚಿತ್ರ ಬಂದದ್ದನ್ನು ಎರಡು ಸಲ ನೋಡಿಕೊಂಡೆ. “ಸರ್, ಹೋದ ವರ್ಷ ನಮ್ಮ ಮ್ಯಾನೇಜರು ಈ ಸಂಕದ ಬಗ್ಗೆ ಪೂರ್ತಿ ಹೇಳಿದ್ದರು. ದನಿ ಬಂದ್ ಮಾಡಿ ಇಟ್ಟಿದ್ದು ನಾನು. ಅವರು ಹೇಳಿದ್ದನ್ನೇ ಈಗ ಹೇಳುತ್ತೇನೆ,” ಎಂದೆ. ಪಕ್ಕದಿಂದ ಹೂಂ ಬಂತು. ಮನೆಗಳ ಲೆಕ್ಕ ಹೇಳಿದೆ, ಹೂಂ. ಮಕ್ಕಳ ಲೆಕ್ಕ ಹೇಳಿದೆ, ಹೂಂ. ಹರಿದ ಪ್ಯಾಂಟಿನ ವಿಷಯವನ್ನೂ ಬಿಡಲಿಲ್ಲ.

ಮುಗಿಸಿ, ಆ ಒಂದೆರಡು ಕ್ಷಣ ಕಾದೆ. ಪರದೆ ಜಿಗಿದು ಕಾರವಾರಕ್ಕೆ ಹೋಯಿತು. ಸಾಹೇಬರು ಪೆನ್ನು ಹಿಡಿದು ಬರೆಯುತ್ತಿದ್ದರು.

“ಹೂಂ,” ಎಂದರು, “ಆ ಕೇರಿಯ ಹೆಸರು ಇನ್ನೊಮ್ಮೆ ಹೇಳಿ.”

ಮ್ಯಾನೇಜರು ನನಗಿಂತ ಮೊದಲೇ ಹೇಳಿದರು.