ನಿಂಗರಾಜ ಕೇಳಿದ ಒಂದು ಗಂಟೆ

ಬೆಳಗಿನ ಆರು ಗಂಟೆ. ಜೆ.ಪಿ. ನಗರದ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಒಂದೊಂದೇ ಫ್ಲಶ್ ಸದ್ದು ಮಾಡುವ ಹೊತ್ತಿಗೆ, ಅದೆಲ್ಲ ಬಂದು ಬೀಳುವ ನೆಲಮಾಳಿಗೆಯಲ್ಲಿ ನಿಂಗರಾಜ ನಿಂತಿದ್ದಾರೆ. ಕೊಳಚೆ ಶುದ್ಧೀಕರಿಸುವ ತೊಟ್ಟಿಯಿಂದ ಒಂದು ಲೀಟರ್ ನೀರನ್ನು ಗಾಜಿನ ಜಾಡಿಗೆ ತುಂಬಿ, ಅರ್ಧ ಗಂಟೆ ಬಿಟ್ಟು ನೋಡುತ್ತಾರೆ. “ಚಾಕಲೇಟ್ ಬಣ್ಣ ಇದ್ರ ಹುಳ ಆರಾಮ ಅದಾವ್ರಿ. ಕರ್ರಗಾತಂದ್ರ ಸಾಯಾಕತ್ತಾವು.” ಹುಳ ಎಂದರೆ ಹೊಲಸು ತಿಂದು ನೀರನ್ನು ತಿಳಿಗೊಳಿಸುವ, ಕಣ್ಣಿಗೆ ಕಾಣದ ಜೀವಿಗಳು. ಅವಕ್ಕೆ ಹಗಲೂ ರಾತ್ರಿ ಗಾಳಿ ಊದುತ್ತಿರಬೇಕು.

ಸಿಂದಗಿ ಕಡೆಯವರು, ವಯಸ್ಸು ಮೂವತ್ತೊಂದು. ಪಿಯುಸಿ ವಿಜ್ಞಾನದಲ್ಲಿ ಎಂಬತ್ತೆರಡು ಪರ್ಸೆಂಟ್ ತೆಗೆದೂ ಮನೆ ನಡೆಸಲು ಓದು ಬಿಟ್ಟರು. ದಿನಕ್ಕೆ ಹನ್ನೆರಡು ತಾಸಿನ ದುಡಿಮೆಗೆ ತಿಂಗಳಿಗೆ ಹದಿನಾರು ಸಾವಿರ. ಇವರು ಇಲ್ಲಿ ಕೆಲಸಕ್ಕೆ ಸೇರಿದ ಒಂಬತ್ತು ವರ್ಷದಲ್ಲಿ ಮೇಲಿನ ಫ್ಲಾಟುಗಳ ಬೆಲೆ ಮೂರು ಪಟ್ಟಾಗಿದೆ. ಇವರ ಸಂಬಳ ಏರಿದ್ದು ಐದು ಸಾವಿರ, ಅದನ್ನೂ ಬಿಟಿಎಂ ಬಡಾವಣೆಯ ಮನೆ ಬಾಡಿಗೆ ನುಂಗಿದೆ.

ಕಳೆದ ವರ್ಷ ಕರೆಂಟ್ ಬಿಲ್ ಉಳಿಸಲು ನಿವಾಸಿಗಳ ಸಂಘ ತೊಟ್ಟಿಗೆ ಗಾಳಿ ಊದುವ ಯಂತ್ರವನ್ನು ರಾತ್ರಿ ನಿಲ್ಲಿಸಲು ಹೇಳಿತು. “ಬ್ಯಾಡ್ರಿ, ಹುಳ ಸಾಯ್ತಾವು ಅಂದೆ. ನಿನಗೇನ್ ಗೊತ್ತು ಅಂದ್ರು.” ಹತ್ತನೇ ದಿನ ನಾತ ಹದಿನಾಲ್ಕನೇ ಮಹಡಿಗೇರಿತು. ಸೂಟುಬೂಟಿನ ತಜ್ಞರೊಬ್ಬರು ಬಂದು, ನಿಂಗರಾಜರನ್ನೇ ಕೇಳಿ ಬರೆದುಕೊಂಡು, ವರದಿಗೆ ಸಹಿ ಹಾಕಿ ಅರವತ್ತು ಸಾವಿರ ತೆಗೆದುಕೊಂಡು ಹೋದರು. ತೊಟ್ಟಿಗೆ ಜೀವ ಬರುವವರೆಗೆ ಹದಿನೆಂಟು ದಿನ ಅಲ್ಲೇ ಮಲಗಿದವರು ನಿಂಗರಾಜ.

ಈಗ ಅವರಿಗೆ ಕೊಳಚೆ ನೀರು ಶುದ್ಧೀಕರಣದ ಸಂಜೆ ಡಿಪ್ಲೊಮಾದಲ್ಲಿ ಸೀಟು ಸಿಕ್ಕಿದೆ. ಶನಿವಾರದೊಳಗೆ ಸೇರಬೇಕು. ಸಂಘವನ್ನು ಕೇಳಿದ್ದು ಇಷ್ಟೇ: ಸಂಜೆ ಒಂದು ಗಂಟೆ ಮೊದಲು ಬಿಡಿ, ಬೆಳಗ್ಗೆ ಒಂದು ಗಂಟೆ ಮುಂಚೆ ಬರುತ್ತೇನೆ. ಸಂಘದ ಕಾರ್ಯದರ್ಶಿ ನಂದಕುಮಾರ್, ಇದನ್ನು ಬರೆಯಲು ಬಂದ ನನ್ನೆದುರೇ ಹೇಳುತ್ತಾರೆ: “ಇವ್ನು ಓದ್ಕೊಂಡು ಜಾಸ್ತಿ ಸಂಬಳಕ್ಕೆ ಬೇರೆ ಕಡೆ ಹೋದ್ರೆ ನಮಗೇನ್ ಲಾಭ ಸಾರ್? ದೇಶ ಬೆಳೀಲಿ, ಇವ್ರೆಲ್ಲ ತಾನಾಗೇ ಮೇಲೆ ಬರ್ತಾರೆ.”

ಮೈ ಉರಿಯುತ್ತದೆ. ಬಲ್ಲವನ ಕೈ ಕಟ್ಟಿ ಕೆಳಗೆ ಕೂರಿಸಿದ ಮೇಲೆ ಯಾವ ದೇಶ ಸ್ವಾಮಿ ಬೆಳೆಯುವುದು? ಉಳ್ಳವರ ಮತ್ತು ಇಲ್ಲದವರ ಅಂತರ ಹಿಗ್ಗಿದರೆ ಕಾಲಾಂತರದಲ್ಲಿ ಬೆಳವಣಿಗೆಯೇ ಕುಂಟುತ್ತದೆ ಎಂದು ಅರ್ಥಶಾಸ್ತ್ರ ಓದಿದ ಅನೇಕರು ಹೇಳುತ್ತಾರೆ. ಅದನ್ನು ತಿಳಿಯಲು ಪುಸ್ತಕ ಬೇಡ, ಈ ನೆಲಮಾಳಿಗೆಗೆ ಇಳಿದರೆ ಸಾಕು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಹಚ್ಚಿಕೊಂಡವರು ದಾರಿ ನೋಡಿ ನಡೆಯುವುದು ಹೇಗೆ?

“ಶನಿವಾರ ಏನ್ ಮಾಡ್ತೀರಿ?” ಎಂದು ಕೇಳುತ್ತೇನೆ.

“ಹೋಗಿ ಸೇರ್ತೀನ್ರಿ. ಕೆಲಸದಿಂದ ತಗದ್ರ ತಗೀಲಿ,” ಎನ್ನುತ್ತಾರೆ ನಿಂಗರಾಜ. “ಇನ್ನೊಮ್ಮೆ ನಾ ಹೇಳಿದ್ದು ಬರೆದ್ರ, ಅದರ ಕೆಳಗ ನನ್ನ ಸಹಿನ ಇರಬೇಕು. ಅಷ್ಟ ಸರ.”